ಮೆಕ್ಕೆಜೋಳದ ಕಣದಲ್ಲಿ ಕಂಡ ನಾವೀನ್ಯತೆ

ದಾವಣಗೆರೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನನ್ನ ಬಳಿಗೆ, ಪದವಿ ಮುಗಿಸಿದ ಮಕ್ಕಳು ಸ್ವಂತ ಉದ್ಯಮದ ಆಸೆ ಹೊತ್ತು ಬರುತ್ತಲೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರ ಮೊದಲ ಮಾತು, "ಸರ್, ಯಾರೂ ಮಾಡದೇ ಇರೋ ಐಡಿಯಾ ಇನ್ನೂ ಸಿಕ್ಕಿಲ್ಲ" ಎಂಬುದೇ ಆಗಿರುತ್ತದೆ. ಅಂಥದೊಂದು ಐಡಿಯಾಕ್ಕಾಗಿ ಎರಡು ಮೂರು ವರ್ಷ ಕಾದು, ಕೊನೆಗೆ ಸಿಕ್ಕ ಕೆಲಸಕ್ಕೆ ಸೇರಿಕೊಂಡವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇಲ್ಲದ್ದನ್ನು ಹೊಸದಾಗಿ ಕಂಡುಹಿಡಿಯುವ ಆವಿಷ್ಕಾರ ಬೇರೆ, ಇರುವುದನ್ನೇ ಹೊಸ ರೀತಿಯಲ್ಲಿ ಬಳಕೆಗೆ ತರುವ ನಾವೀನ್ಯತೆ ಬೇರೆ ಎಂಬುದನ್ನು ನಾವು ಮೇಷ್ಟ್ರುಗಳೇ ತರಗತಿಯಲ್ಲಿ ಸರಿಯಾಗಿ ಬಿಡಿಸಿ ಹೇಳಲಿಲ್ಲವೇನೋ ಎಂಬ ಅಳುಕೂ ಅದರೊಂದಿಗೆ ಇದೆ.

ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಷ್ಟು ಹಿಂದೆಯೇ ಉದ್ಯಮಿಯ ಕೆಲಸವನ್ನು 'ಹೊಸ ಜೋಡಣೆ' ಎಂದು ಕರೆದರು. ಹೊಸ ಸರಕು, ಹೊಸ ತಯಾರಿಕಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಉದ್ಯಮದ ಹೊಸ ಸಂಘಟನೆ ಎಂದು ಅವರು ಐದು ಬಗೆಗಳನ್ನು ಗುರುತಿಸಿದರು. ನಮ್ಮ ಮಕ್ಕಳು ತಲೆ ಕೆಡಿಸಿಕೊಳ್ಳುವ ಹೊಸ ಸರಕು ಆ ಐದರಲ್ಲಿ ಒಂದು ಮಾತ್ರ. ಹೊಸ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆಯ ನವೋದ್ಯಮದ ವ್ಯಾಖ್ಯೆಯಲ್ಲಿಯೂ ಉತ್ಪನ್ನ, ಪ್ರಕ್ರಿಯೆ, ಸೇವೆಗಳ ಸುಧಾರಣೆಗೆ ಜಾಗವಿದೆ.

ನಾನು ಪಾಠದಲ್ಲಿ ತಪ್ಪದೇ ಹೇಳುವ ಉದಾಹರಣೆ ಹಡಗಿನ ಕಂಟೇನರ್‌ನದು. ಲಾರಿ ಸಾಗಣೆಯ ವ್ಯವಹಾರದಲ್ಲಿದ್ದ ಅಮೆರಿಕದ ಮಾಲ್ಕಮ್ ಮೆಕ್ಲೀನ್ 1956ರಲ್ಲಿ ಸರಕು ತುಂಬಿದ 58 ದೊಡ್ಡ ಪೆಟ್ಟಿಗೆಗಳನ್ನು ಹಾಗೆಯೇ ಹಡಗಿನ ಮೇಲೇರಿಸಿ ಸಾಗಿಸಿದರು. ಪೆಟ್ಟಿಗೆ, ಲಾರಿ, ಕ್ರೇನ್, ಹಡಗು ಎಲ್ಲವೂ ಮೊದಲೇ ಇದ್ದವು. ಒಂದಕ್ಕೊಂದು ಹೊಂದುವಂತೆ ಅವನ್ನು ಜೋಡಿಸಿದ್ದರಿಂದ, ಟನ್ ಸರಕು ತುಂಬಲು ಸುಮಾರು 6 ಡಾಲರ್ ತಗಲುತ್ತಿದ್ದ ಖರ್ಚು 16 ಸೆಂಟ್‌ಗೆ ಇಳಿಯಿತು.

ಅಷ್ಟು ದೂರವೇಕೆ, ಜಗಳೂರು ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನೇ ಹೇಳುತ್ತೇನೆ. ಅವಳ ತಂದೆ ಮೆಕ್ಕೆಜೋಳ ಬೆಳೆಯುತ್ತಾರೆ. ತಾಡಪಾಲಿನ ಮೇಲೆ ಹರವಿದ ಕಾಳಿನಲ್ಲಿ ಒಂದನ್ನು ಹಲ್ಲಿಗೆ ಹಾಕಿ ಕಟ್ ಎನಿಸಿ, "ಒಣಗೈತಿ, ನಡಿ" ಎಂದು ಟ್ರ್ಯಾಕ್ಟರ್ ತುಂಬಿಸುವುದು ಅವರ ರೂಢಿ. ಮಾರುಕಟ್ಟೆಯಲ್ಲಿ ವರ್ತಕರ ಮೀಟರ್ ತೇವಾಂಶ 17 ಎಂದು ತೋರಿಸುತ್ತಿತ್ತು, ದರ ಕಡಿತವಾಗುತ್ತಿತ್ತು. ಬಾಡಿಗೆ ತೆತ್ತು ತಂದ ಮಾಲನ್ನು ವಾಪಸು ಒಯ್ಯುವಂತಿಲ್ಲ. ಮೀಟರ್ ಕೊಳ್ಳುವವರ ಕೈಯಲ್ಲಿ ಮಾತ್ರ ಇದೆ, ಮಾರುವವರ ಕೈಯಲ್ಲಿ ಇಲ್ಲ ಎಂಬುದನ್ನು ಅವಳು ಗಮನಿಸಿದಳು. ನನ್ನ ಮಟ್ಟಿಗೆ ನಾವೀನ್ಯತೆ ಹುಟ್ಟಿದ್ದು ಆ ಗಮನಿಕೆಯಲ್ಲಿ.

ಅವಳು ಕೈಯಲ್ಲಿ ಹಿಡಿಯುವ ಮೀಟರೊಂದನ್ನು ಕೊಂಡು, ಸಣ್ಣ ಶುಲ್ಕಕ್ಕೆ ಕಣದಲ್ಲೇ ತೇವಾಂಶ ನೋಡಿ ಹೇಳತೊಡಗಿದಳು. ಮೊದಮೊದಲು ಲೆಕ್ಕ ತಪ್ಪಿತು. ರಾಶಿಯ ಮೇಲಿನ ಕಾಳು ಒಣಗಿದ್ದರೂ ಅಡಿಯದು ಹಸಿಯಾಗಿರುತ್ತಿತ್ತು. ಬಿಸಿಲಿಗೆ ಕಾದ ಕಾಳು ಒಂದು ಅಂಕಿ ತೋರಿಸಿದರೆ, ಅದೇ ಕಾಳು ತಣಿದ ಮೇಲೆ ಇನ್ನೊಂದನ್ನು ತೋರಿಸುತ್ತಿತ್ತು. ಐದು ಕಡೆಯಿಂದ ಹಿಡಿಹಿಡಿ ತೆಗೆದು, ಬೆರೆಸಿ, ನೆರಳಿನಲ್ಲಿ ತಣಿಯಲು ಬಿಟ್ಟು ಅಳೆಯುವುದನ್ನು ಅವಳು ಕಲಿತಳು. ಅದಕ್ಕಿಂತ ಮುಖ್ಯವಾಗಿ, ರೈತರಿಗೆ ಬೇಕಾದದ್ದು ಅಂಕಿಯಲ್ಲ, "ಇನ್ನೆಷ್ಟು ದಿನ ಬಿಸಿಲಿಗೆ ಹಾಕ್ಬೇಕವ್ವಾ?" ಎಂಬ ಪ್ರಶ್ನೆಗೆ ಉತ್ತರ ಎಂಬುದು ಅವಳಿಗೆ ತಿಳಿಯಿತು. ಹಸಿ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಅತಿಯಾಗಿ ಒಣಗಿಸಿದರೂ ನಷ್ಟವೇ. ಶೇ. 14ರಷ್ಟು ತೇವಾಂಶದ 100 ಕ್ವಿಂಟಲ್ ಕಾಳನ್ನು ಶೇ. 11ಕ್ಕೆ ಇಳಿಸಿದರೆ ಮೂರು ಕ್ವಿಂಟಲ್‌ಗಿಂತ ಹೆಚ್ಚು ತೂಕ ಕಳೆದುಹೋಗುತ್ತದೆ. ಈ ಲೆಕ್ಕವನ್ನು ಅವಳು ಕಣದಲ್ಲೇ ಕುಳಿತು ಬಿಡಿಸಿ ತೋರಿಸಿದ ಮೇಲೆ, ರೈತರು ತಾವಾಗಿಯೇ ಕರೆ ಮಾಡಿ ಕರೆಸಿಕೊಳ್ಳತೊಡಗಿದರು. ಇದರಲ್ಲಿ ಪೇಟೆಂಟ್ ಇಲ್ಲ, ಆ್ಯಪ್ ಇಲ್ಲ. ಆದರೆ ಹಣ ಕೊಟ್ಟು ಮತ್ತೆ ಕರೆಯುವ ಗ್ರಾಹಕರಿದ್ದಾರೆ, ಮತ್ತು ಉದ್ಯಮಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇದೆಯೆಂದು ನಾನು ನಂಬುವುದಿಲ್ಲ.

ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಮಂಡಕ್ಕಿ ತುಂಬಿದ ಲಾರಿ ಹೊರುವುದು ಹೆಚ್ಚಾಗಿ ಗಾಳಿಯನ್ನೇ. ಹುರಿಯಲು ಸಿದ್ಧವಾದ ಅಕ್ಕಿಯನ್ನು ಸಾಗಿಸಿ, ಮಾರುವ ಊರಿನಲ್ಲೇ ಕಾದ ಮರಳಿನಲ್ಲಿ ಅರಳಿಸಿದರೆ ಬಾಡಿಗೆ ಎಷ್ಟು ಉಳಿದೀತು, ಆ ಕೈಹದ ಬಲ್ಲ ಕೆಲಸಗಾರರು ಅಲ್ಲಿ ಸಿಕ್ಕಾರೇ, ಮಳೆಗಾಲದಲ್ಲಿ ಮೆತ್ತಗಾಗುವ ನಷ್ಟ ಎಷ್ಟು ತಗ್ಗೀತು? ಮೊನ್ನೆ ಐಡಿಯಾ ಕೇಳಿಕೊಂಡು ಬಂದ ಇಬ್ಬರು ಹುಡುಗರಿಗೆ ಈ ಪ್ರಶ್ನೆಗಳನ್ನು ಬರೆದುಕೊಟ್ಟು, ಒಂದು ವಾರ ಭಟ್ಟಿಯಲ್ಲಿ ಕುಳಿತು ಲೆಕ್ಕ ಹಾಕಿಕೊಂಡು ಬನ್ನಿ ಎಂದು ಕಳುಹಿಸಿದ್ದೇನೆ.