ರೋಗಿ ಪಾತ್ರಕ್ಕೆ ಜನ ಬೇಕಾಗಿದ್ದಾರೆ

ಮಂಡ್ಯದ ಆಫೀಸರ್‌ಗಳಿಗೆ ಹೊಸ ಟ್ರೈನಿಂಗ್ ಕಣ್ರಪ್ಪೋ, ರೋಗಿಗಳು, ಪಿಂಚಣಿ ತಗೊಳೋರು, ಅಂಗವಿಕಲರು ಇಂಥವ್ರ ಜೊತೆ ಸಮಸಮ ಕೂತು ಕೆಲಸ ಮಾಡೋದು ಹೆಂಗೆ ಅಂತ. ‘ಸೇವಾ ಬಳಕೆದಾರರೊಂದಿಗೆ ಸಹಭಾಗಿತ್ವದ ನಾಯಕತ್ವ ಸಾಮರ್ಥ್ಯಾಭಿವೃದ್ಧಿ ಕಾರ್ಯಾಗಾರ’ ಅಂತ ಹೆಸರು, ಬ್ಯಾನರ್ ಒಂದು ಗೋಡೆಗೆ ಸಾಲದೆ ಮೂಲೇಲಿ ತಿರುಗಿಸಿ ಪಕ್ಕದ ಗೋಡೆಗೂ ಅಂಟಿಸಿದ್ರು. ನಡೆದಿದ್ದು ಮೈಸೂರಲ್ಲಿ. ಮಂಡ್ಯದವ್ರಿಗೆ ಮಂಡ್ಯದಲ್ಲೇ ಮಾಡ್ಬೋದಿತ್ತಲ್ಲ ಅಂದ್ರೆ, ಅಲ್ಲಿ ಮಾಡಿದ್ರೆ ರೋಗಿಗಳು ಎದುರಿಗೇ ಸಿಕ್ಕಿಬಿಡ್ತಾರೆ, ಕಾನ್ಸಂಟ್ರೇಷನ್ ಕೆಟ್ಟೋಗುತ್ತೆ.

(ಇದು ನನ್ನ ಕಲ್ಪನೆ ಕಾರ್ಯಾಗಾರ. ಆದ್ರೂ ಓದ್ತಾ ಓದ್ತಾ ಯಾರಾದ್ರೂ ಹೆಗಲು ಮುಟ್ಟಿ ನೋಡ್ಕೊಂಡ್ರೆ ಕುಂಬಳಕಾಯಿ ನಂದಲ್ಲ.)

ಬೆಳಿಗ್ಗೆ ಹತ್ತಕ್ಕೆ ಅಂದಿದ್ದು ಹನ್ನೊಂದೂವರೆಗೆ ಶುರು, ಮೊದಲು ಮುಖ್ಯ ಅತಿಥಿಗೆ ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಆಮೇಲೆ ಅದೇ ಪೇಟ ತೆಗೆದು ಇನ್ನೊಬ್ಬರಿಗೆ, ಅವ್ರು ಇವ್ರನ್ನ ಹೊಗಳಿ, ಇವ್ರು ಅವ್ರನ್ನ ಹೊಗಳಿ, ಪ್ರಾಸ್ತಾವಿಕ ಮುಗಿಯೋ ಹೊತ್ತಿಗೆ ಟೀ. ಜನರ ಕೈಗೆ ಅಧಿಕಾರ ಅನ್ನೋ ಸ್ಲೈಡ್‌ನಲ್ಲಿ ಅಬ್ದುಲ್ ನಜೀರ್ ಸಾಬ್ರು ಫೋಟೋ ಬಂತು. ಗುಂಡ್ಲುಪೇಟೆಯವ್ರು, ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ಸ್ಕೊಂಡೋರು, ಜಿಲ್ಲಾ ಪರಿಷತ್ತಿಗೆ 1987ರಲ್ಲಿ ಜನ ಓಟು ಹಾಕಿ ಆರಿಸೋ ಹಂಗೆ ಮಾಡಿದೋರು, ಅವ್ರ ಹೆಸರಲ್ಲಿ ಇದೇ ಮೈಸೂರಲ್ಲಿ ಒಂದು ತರಬೇತಿ ಸಂಸ್ಥೆನೂ ಇದೆ. ಅವರ ಬಗ್ಗೆ ಒಂದರ್ಧ ಗಂಟೆ ಮಾತಾಡಿದ್ರೂ ಸಾಕಿತ್ತು. ಸ್ಲೈಡು ಎರಡು ಸೆಕೆಂಡ್ ನಿಂತು ಮುಂದಕ್ಕೆ ಹೋಯ್ತು, ಮದ್ದೂರು ವಡೆ ಬಂದಿತ್ತು.

ಆಮೇಲೆ ರಿಸೋರ್ಸ್ ಪರ್ಸನ್ ಒಂದು ಏಣಿ ತೋರಿಸಿದ್ರು. ಅಮೆರಿಕದ ಶೆರ್ರಿ ಅರ್ನ್‌ಸ್ಟೈನ್ ಅನ್ನೋರು 1969ರಲ್ಲಿ ಬರೆದಿದ್ದು, ಜನರ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲು, ಮೇಲ್ಗಡೆ ಜನರದ್ದೇ ಕಂಟ್ರೋಲು, ಮಧ್ಯದಲ್ಲಿ ಮಾಹಿತಿ ಕೊಡದು, ಅಭಿಪ್ರಾಯ ಕೇಳದು, ಸಮಾಧಾನ ಮಾಡದು (ಇವು ಮೂರೂ ಬರೀ ಶಾಸ್ತ್ರಕ್ಕೆ ಅಂತ ಆಯಮ್ಮನೇ ಹೇಳವ್ರೆ), ತೀರಾ ಕೆಳಗಡೆ ಜನರನ್ನ ಯಾವ್ದೋ ರಬ್ಬರ್‌ಸ್ಟಾಂಪ್ ಸಮಿತಿಗೆ ಹಾಕ್ಕೊಂಡು ಸೈನ್ ಮಾಡಿಸ್ಕೊಳೋದು. ಹಾಲೆಲ್ಲ ನೋಟ್ಸ್ ಬರ್ಕೊಂತು. ಯಾರೋ ಒಬ್ರು ಕೈ ಎತ್ತಿ ‘ಸಾರ್, ಆ ಕೆಳಗಿನ ಮೆಟ್ಟಿಲಿಗೆ ಫಾರ್ಮ್ಯಾಟ್ ಇದ್ರೆ ವಾಟ್ಸಪ್ ಗ್ರೂಪ್‌ಗೆ ಹಾಕಿ’ ಅಂದ್ರು.

ಇಂಗ್ಲೆಂಡ್ ವಿಷಯ ಬಂದಾಗಂತೂ ಎಸಿಯಲ್ಲೂ ಬೆವರು. ಅಲ್ಲಿ 2003ರಲ್ಲಿ ಸೋಷಿಯಲ್ ವರ್ಕ್ ಡಿಗ್ರಿ ಬಂದಾಗಿಂದ ಸೇವೆ ಪಡೆಯೋರನ್ನ, ಅವ್ರನ್ನ ನೋಡ್ಕೊಳೋ ಮನೆಯವ್ರನ್ನ ಕೋರ್ಸಿನೊಳಗೆ ಸೇರಿಸ್ಕೊಳ್ಲೇಬೇಕು, ಸ್ಟೂಡೆಂಟ್ಸ್ ಆಯ್ಕೆಲಿ, ಪಾಠದಲ್ಲಿ, ಕೊನೆಗೆ ಅಸೆಸ್‌ಮೆಂಟ್‌ನಲ್ಲೂ. ಅಂದ್ರೆ? ಅಂದ್ರೆ ನಮ್ ಪಿಂಚಣಿ ಅಜ್ಜಿ ನಮಗೆ ಮಾರ್ಕ್ಸ್ ಹಾಕೋದಾ? ಮೂರು ಸಲ ‘ನೀನು ಬದುಕಿದ್ದೀಯ ಅನ್ನಕ್ಕೆ ದಾಖಲೆ ಏನಮ್ಮ’ ಅಂತ ವಾಪಸ್ ಕಳಿಸಿದೀವಲ್ಲ, ಆ ಅಜ್ಜಿನಾ? ಅದು ಇಲ್ಲಿ ವರ್ಕೌಟ್ ಆಗಲ್ಲ ಸಾರ್, ನಮ್ ಕಲ್ಚರ್ ಬೇರೆ, ನಮ್ಮಲ್ಲಿ ಹಿರಿಯರಿಗೆ ಗೌರವ ಕೊಡ್ತೀವಿ.

ಮಧ್ಯಾಹ್ನ ಊಟ ಆದ್ಮೇಲೆ ರೋಲ್ ಪ್ಲೇ. ಡಾಕ್ಟ್ರು ಪಾತ್ರಕ್ಕೆ ಹದಿನೆಂಟು ಜನ ರೆಡಿ, ಆಡಳಿತಾಧಿಕಾರಿ ಪಾತ್ರಕ್ಕೆ ಜಗಳ, ರೋಗಿ ಪಾತ್ರಕ್ಕೆ ಒಬ್ಬರೂ ಇಲ್ಲ. ಗ್ರೂಪ್ ಎ ಅಧಿಕಾರಿ ರೋಗಿ ಆಗಕ್ಕೆ ಸರ್ವಿಸ್ ರೂಲ್ಸಲ್ಲಿ ಅವಕಾಶ ಇದ್ಯಾ ಅಂತ ಒಬ್ರು ಕೇಳೇಬಿಟ್ರು. ಕೊನೆಗೆ ನೀರಿನ ಬಾಟ್ಲು ಹಂಚ್ತಿದ್ದ ಗುತ್ತಿಗೆ ಹುಡುಗನ್ನ ಕರ್ಕೊಂಡು ಕುರ್ಚಿ ಮೇಲೆ ಕೂರಿಸಿದ್ರು. ಅವ್ನು ಶುರು ಹಚ್ಕೊಂಡ ನೋಡಿ, ‘ಸಾ, ನಮ್ಮವ್ವಂಗೆ ಸ್ಕ್ಯಾನಿಂಗ್ ಬರ್ಕೊಟ್ರು, ಡೇಟು ಮುಂದಿನ ತಿಂಗಳದ್ದು ಕೊಟ್ರು, ರೇಷನ್ ಕಾರ್ಡ್ ಝೆರಾಕ್ಸ್ ತಾ ಅಂದ್ರು, ತಂದೆ, ಅದಕ್ಕೆ ಸೀಲ್ ಇಲ್ಲ ಅಂದ್ರು, ಸೀಲ್ ಹಾಕೋ ಸಾಹೇಬ್ರು ಟ್ರೈನಿಂಗ್‌ಗೆ ಹೋಗವ್ರೆ ಅಂದ್ರು, ಓ, ಅವ್ರೇ ಅಲ್ವಾ ಅಲ್ಲಿ ಎರಡನೇ ಸಾಲಲ್ಲಿ ಕುಂತಿರೋದು?’

ಹಾಲ್ ಸೈಲೆಂಟು. ಫೆಸಿಲಿಟೇಟರ್ ಮೈಕ್ ಇಸ್ಕೊಂಡು ‘ನೋಡಪ್ಪ, ನೀನು ಸ್ಕ್ರಿಪ್ಟ್ ಬಿಟ್ಟು ಹೋಗ್ತಿದೀಯ, ಪೇಷೆಂಟು ಇಲ್ಲಿ ಬರೀ ಥ್ಯಾಂಕ್ಸ್ ಹೇಳ್ಬೇಕು’ ಅಂದ್ರು. ಹುಡುಗ ಥ್ಯಾಂಕ್ಸ್ ಹೇಳಿ ಮತ್ತೆ ನೀರಿನ ಬಾಟ್ಲು ಹಂಚಕ್ಕೆ ಹೋದ.

ಅಸಲಿ ಪ್ರತಿನಿಧಿ ಒಬ್ರನ್ನ ಕರೆದಿದ್ರು ಅನ್ನಿ, ಸುಳ್ಳು ಹೇಳ್ಬಾರ್ದು, ವ್ಹೀಲ್‌ಚೇರ್‌ನಲ್ಲಿ ಓಡಾಡೋರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅದ್ರಲ್ಲಿ ಪಟ್ಟಿ ಮಾಡಿರೋ 21 ಬಗೆ, ಎಲ್ಲ ಸ್ಲೈಡಲ್ಲಿ ಚೆನ್ನಾಗಿತ್ತು, ಆದ್ರೆ ಹಾಲ್ ಇದ್ದಿದ್ದು ಫಸ್ಟ್ ಫ್ಲೋರಲ್ಲಿ, ಲಿಫ್ಟ್ ರಿಪೇರಿ. ಅವರು ಕೆಳಗೆ ಪಾರ್ಕಿಂಗಲ್ಲೇ ಇದ್ರು, ಹಾಜರಿ ಪುಸ್ತಕ ಮಾತ್ರ ಕೆಳಗಿಳಿದು ಹೋಗಿ ಸೈನ್ ಹಾಕಿಸ್ಕೊಂಡು ಮೇಲೆ ಬಂತು. ಜೊತೆಗೆ ಒಂದು ಫೋಟೋ.

ನಂಗೆ ಬೇಜಾರು ಏನಂದ್ರೆ, ಇದಕ್ಕೆಲ್ಲ ಕಾಗದದ ಮೇಲೆ ಜಾಗ ಯಾವತ್ತೋ ಮಾಡಿಟ್ಟವ್ರೆ. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಬಂದಾಗ ಆಸ್ಪತ್ರೆಗೊಂದು ರೋಗಿ ಕಲ್ಯಾಣ ಸಮಿತಿ ಬಂತು, ನಮ್ಮ ಕಡೆ ಆರೋಗ್ಯ ರಕ್ಷಾ ಸಮಿತಿ ಅಂತಾರೆ. ಹಳ್ಳಿಗೆ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆ ಮೂರೂ ಸೇರಿಸಿ ಇನ್ನೊಂದು ಸಮಿತಿ, ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಅಂತ ಲೆಕ್ಕ, ತಿಂಗಳಿಗೆ ಭಾಗ ಹಾಕಿದ್ರೆ 833 ಚಿಲ್ಲರೆ, ಈ ಪೇಟ ಹಾರದ ಬಿಲ್ಲು ಅದ್ರಲ್ಲಿ ಹಿಡಿಸಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ, ರಾಜ್ಯದ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವ್ರ ಪರವಾಗಿ ಇಬ್ರು, ನೋಡ್ಕೊಳೋರ ಪರವಾಗಿ ಇಬ್ರು ಕೂರ್ಬೇಕು ಅಂತ ಬರೆದೇ ಬರೆದವ್ರೆ. ನಿಮ್ಮೂರ ಆಸ್ಪತ್ರೆ ಸಮಿತಿಲಿ ಯಾರ್ಯಾರು ಇದಾರೆ ಅಂತ ಒಂದ್ಸಲ ಕೇಳ್ನೋಡಿ. ಕೌಂಟರ್‌ನಲ್ಲಿ ಇರೋರು ಮೊದ್ಲು ನಿಮ್ಮನ್ನ ಯಾವ ಚಾನೆಲ್‌ನೋರು ಅಂತಾರೆ.

ಸಂಜೆ ಫೀಡ್‌ಬ್ಯಾಕ್ ಫಾರಂ. ‘ಬಳಕೆದಾರರ ತೃಪ್ತಿ’ ಅನ್ನೋ ಕಾಲಂ ಇತ್ತು, ಬಳಕೆದಾರ ಪಾರ್ಕಿಂಗಲ್ಲಿ ಇದ್ದಿದ್ರಿಂದ ಅಧಿಕಾರಿಗಳೇ ದೊಡ್ಡ ಮನಸ್ಸು ಮಾಡಿ ತುಂಬಿದ್ರು, ‘ಅತ್ಯುತ್ತಮ’. ಎರಡನೇ ಹಂತಕ್ಕೂ ಅಲ್ಲೇ ಮಂಜೂರಾತಿ ಸಿಕ್ತು, ಮುಂದಿನ ಸಲ ನಿಜವಾದ ರೋಗಿಗಳನ್ನೇ ಕರೀತಾರಂತೆ, ಸರ್ಕ್ಯುಲರ್ ರೆಡಿ ಆಗ್ತಿದೆ. ಷರತ್ತು ಜಾಸ್ತಿ ಏನಿಲ್ಲ, ಆಧಾರ್, ರೇಷನ್ ಕಾರ್ಡ್, ಎರಡು ಫೋಟೋ, ಆಮೇಲೆ ರೋಗಿ ಪ್ರತಿನಿಧಿ ಪೂರ್ತಿ ಆರೋಗ್ಯವಾಗಿದಾರೆ ಅಂತ ಸರ್ಕಾರಿ ಡಾಕ್ಟ್ರಿಂದ ಫಿಟ್‌ನೆಸ್ ಸರ್ಟಿಫಿಕೇಟ್. ಅದನ್ನ ಬುಧವಾರ ಮಾತ್ರ ಕೊಡ್ತಾರೆ, ಬುಧವಾರ ಡಾಕ್ಟ್ರಿಗೆ ಟ್ರೈನಿಂಗ್ ಇರುತ್ತೆ.