ನೋ ಕ್ಲೈಮ್ ವ್ರತ ಮಹಾತ್ಮೆ

ನಮ್ಮ ಕಾರಿನ ಬಾನೆಟ್ ಮೇಲೆ ತೆಂಗಿನ ಮಡಲು ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಇನ್ಶೂರೆನ್ಸ್ ಮುಗಿಯಲು ಆಗ 19 ದಿನ ಬಾಕಿ ಇತ್ತು.

ಮಡಲು ಅಂದರೆ ಹಗುರ ಅಂತ ತಿಳಿದವರು ತೆಂಗಿನ ಮರದಡಿ ಬದುಕಿದವರಲ್ಲ. ಆಟಿಯ ಮಳೆಗೆ ನೆಂದ ಮಡಲು ಬುಡ ಕೆಳಗೆ ಮಾಡಿ ಬಂದರೆ ಹೆಂಚು ಪುಡಿಯಾಗುತ್ತದೆ. ಬಾನೆಟ್ಟಿನ ನಡುವೆ ಒಂದು ಬೋಗುಣಿಯಷ್ಟು ತಗ್ಗು ಬಿದ್ದಿತ್ತು. ಅದರಲ್ಲಿ ಮಳೆ ನೀರು ನಿಂತಿತು. ಮಧ್ಯಾಹ್ನ ಒಂದು ಕಾಗೆ ಬಂದು ಅದರಲ್ಲಿ ಸ್ನಾನ ಮಾಡಿ, ರೆಕ್ಕೆ ಕೊಡವಿ ಹೋಯಿತು.

ನಾನು ಗಾಬರಿಯಾಗಲಿಲ್ಲ. ನಾಲ್ಕು ವರ್ಷದಿಂದ ಒಂದು ದಿನ ತಪ್ಪದೆ ಫುಲ್ ಇನ್ಶೂರೆನ್ಸ್ ಕಟ್ಟಿದ್ದೇನೆ. "ಇನ್ಶೂರೆನ್ಸ್ ಉಂಟಲ್ಲ" ಅಂತ ಮನೆಯವಳ ಹತ್ತಿರ ಹೇಳಿ ಕಾಫಿ ಕುಡಿಯಲು ಕೂತೆ. ಅವಳು ಈ ಮಾತನ್ನು ಹಾಗೇ ನೀರ್ಚಾಲಿನಲ್ಲಿರುವ ತನ್ನ ಅಣ್ಣನಿಗೆ ಫೋನಿನಲ್ಲಿ ಹೇಳಿದಳು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಭಾವನ ಸ್ಕೂಟರ್ ಅಂಗಳಕ್ಕೆ ಬಂತು. ಮೈಯೆಲ್ಲ ಒದ್ದೆ. ರೈನ್‌ಕೋಟ್ ಹಾಕಲೂ ಪುರುಸೊತ್ತು ಮಾಡಿರಲಿಲ್ಲ.

"ಭಾವ, ಕ್ಲೈಮ್ ಗೀಮ್ ಮಾಡಿಬಿಟ್ಟೆಯಾ?"

"ಇಲ್ಲ. ಈಗ ಮಾಡ್ಬೇಕು."

"ಬದುಕಿದೆ!" ಅಂತ ಹೇಳಿ ಅವನು ಜಗಲಿಯಲ್ಲಿ ಕೂತ.

ಬದಿಯಡ್ಕದ ಅಡಿಕೆ ಅಂಗಡಿಯ ಒಂದು ತೂಕದ ಚೀಟಿ ಅಲ್ಲೇ ಬಿದ್ದಿತ್ತು. ಭಾವ ಅದನ್ನು ಮಗುಚಿ ಹಾಕಿ ಲೆಕ್ಕ ಶುರು ಮಾಡಿದ. ಕಾರಿಗೆ ಆಗುವ ಹಾನಿಗೆ ಕಟ್ಟುವ ಪ್ರೀಮಿಯಂ ಸುಮಾರು 8,000. ನಾಲ್ಕು ವರ್ಷ ಕ್ಲೈಮ್ ಮಾಡದ ಪುಣ್ಯಕ್ಕೆ ಈ ಸಲ ಅದರಲ್ಲಿ ನೂರಕ್ಕೆ 45 ಬಿಡುತ್ತಾರೆ. ಅಂದರೆ 3,600. ಇದಕ್ಕೆ ನೋ ಕ್ಲೈಮ್ ಬೋನಸ್ ಅಂತ ಹೆಸರು. ಕ್ಲೈಮ್ ಮಾಡಿದರೆ ಅದು ಸೊನ್ನೆ. ಮುಂದಿನ ವರ್ಷ 50 ಸಿಗಬೇಕಾದಲ್ಲಿ ಮತ್ತೆ 20ರಿಂದ ಹತ್ತಬೇಕು, 2,400 ಹೋಯಿತು. ಅದರ ಮುಂದಿನ ವರ್ಷ 2,000. ಆಮೇಲೆ 1,200. ಆಮೇಲೆ 400. ಒಟ್ಟು 9,600. ಅದರ ಮೇಲೆ 18 ಶೇಕಡ ಜಿಎಸ್‌ಟಿ. ಭಾವ ಅಡಿಗೆರೆ ಎಳೆದು 11,328 ಅಂತ ಬರೆದ. ಕಾರು ಹಳತಾದ ಹಾಗೆ ಪ್ರೀಮಿಯಮ್ಮೂ ಇಳಿಯುತ್ತದೆ, ಲೆಕ್ಕ ಅಷ್ಟಕ್ಕಷ್ಟೇ ಆಗುವುದಿಲ್ಲ ಅಂತ ನಾನು ಹೇಳಹೊರಟೆ. ಅವನು ಕೈ ಎತ್ತಿ ತಡೆದ.

"ಶೋರೂಮಿನಲ್ಲಿ ರಿಪೇರಿಗೆ ಎಷ್ಟು ಹೇಳಿದ್ದಾರೆ?"

"ಒಂಬತ್ತೂವರೆ ಸಾವಿರ."

"ಮೊದಲಿನ ಸಾವಿರ ನೀನೇ ಕೊಡ್ಬೇಕು, ಅದು ಕಡ್ಡಾಯ. ಪೈಂಟಿನಲ್ಲಿ ಸವಕಳಿ ಅಂತ ಮತ್ತೆ ಕಡಿತ ಉಂಟು. ಕೊನೆಗೆ ನಿನಗೆ ಬರುವುದು ಏಳೂವರೆ. ಏಳೂವರೆ ಸಾವಿರಕ್ಕಾಗಿ ಹನ್ನೊಂದು ಸಾವಿರ ಕಳೆದುಕೊಳ್ಳುವುದಾ? ನೀನು ಬಿಎಸ್ಸಿ ಮಾಡಿದ್ದು ಹೌದಲ್ವಾ?"

ಹೌದು. ಗಣಿತ ಕೂಡ ಇತ್ತು. ಆದರೆ ಈ ಗಣಿತ ಅದರಲ್ಲಿ ಇರಲಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಉಪಯೋಗಿಸಿದರೆ ನಷ್ಟ, ಉಪಯೋಗಿಸದಿದ್ದರೆ ಬೋನಸ್. ಹೋಟೆಲಿನಲ್ಲಿ ಊಟಕ್ಕೆ ಟೋಕನ್ ತೆಗೆದು, ಊಟ ಮಾಡದೆ ಎದ್ದು ಬಂದವನಿಗೆ ನಾಳೆಯ ಟೋಕನಿನಲ್ಲಿ ರಿಯಾಯಿತಿ ಕೊಟ್ಟ ಹಾಗೆ. ಐದು ವರ್ಷ ಉಪವಾಸ ಇದ್ದವನಿಗೆ ಅರ್ಧ ದರದಲ್ಲಿ ಊಟ. ಆದರೆ ಉಣ್ಣಬಾರದು.

ಇದೊಂದು ವ್ರತ ಅಂತ ನನಗೆ ಆಗ ಹೊಳೆಯಿತು. ಫಲಶ್ರುತಿಯೂ ಉಂಟು. ಮೊದಲ ವರ್ಷ ಆಚರಿಸಿದವರಿಗೆ 20, ಎರಡನೆಯ ವರ್ಷ 25, ಮೂರನೆಯದಕ್ಕೆ 35, ನಾಲ್ಕನೆಯದಕ್ಕೆ 45, ಐದನೆಯದಕ್ಕೆ 50. ಅಲ್ಲಿಗೆ ಸಿದ್ಧಿ, ಅದರ ಮೇಲೆ ಸ್ವರ್ಗ ಇಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ವ್ರತಭಂಗ. ಕಾರು ಮಾರಿದರೂ ಪುಣ್ಯ ಕಾರಿನ ಜೊತೆ ಹೋಗುವುದಿಲ್ಲ, ಯಜಮಾನನ ಹತ್ತಿರವೇ ಉಳಿಯುತ್ತದೆ. ಪುನರ್ಜನ್ಮದ ತತ್ವವೂ ಸೇರಿತು ನೋಡಿ. ಪ್ರಾಯಶ್ಚಿತ್ತ ಮಾತ್ರ ಇಲ್ಲ. ಐದು ವರ್ಷ ಏಕಾದಶಿ ಮಾಡಿದವನು ಒಂದು ದಿನ ಒಂದು ಗೋಳಿಬಜೆ ತಿಂದರೆ ಹಿಂದಿನ ಪುಣ್ಯವೆಲ್ಲ ಎಣ್ಣೆಯಲ್ಲಿ ಹೋಯಿತು.

ಈ ಕಣ್ಣು ತೆರೆದ ಮೇಲೆ ಊರು ಬೇರೆಯೇ ಕಾಣಿಸತೊಡಗಿತು. ಮಾರನೆಯ ವಾರ ಮಧೂರಿನಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಸುಮ್ನೆ ಒಂದು ಸುತ್ತು ಹಾಕಿದೆ. ಒಂದರ ಬಂಪರ್ ಹಸಿರು ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದೆ. ಇನ್ನೊಂದರ ಕನ್ನಡಿಗೆ ಸೆಲ್ಲೋ ಟೇಪು. ಬಾಗಿಲಿನ ಉದ್ದಕ್ಕೂ ಗೀರು ಇರುವ ಬಿಳಿ ಕಾರು, ಗೀರು ಕಾಣದ ಹಾಗೆ ಅದರ ಮೇಲೆ ಯಕ್ಷಗಾನ ಕಿರೀಟದ ಸ್ಟಿಕರ್. ಮೊದಲಾದರೆ ಜಿಪುಣರು ಅನ್ನುತ್ತಿದ್ದೆ. ಈಗ ಗೊತ್ತಾಯಿತು, ಇವರೆಲ್ಲ ವ್ರತಧಾರಿಗಳು. ಒಬ್ಬರ ಕಾರಿನ ಹಿಂದಿನ ಗುಳಿ ನೋಡಿ "ಎಷ್ಟನೇ ವರ್ಷ ಮಾವ?" ಅಂತ ಕೇಳಿದೆ. ಅವರು ಮೆಲ್ಲ ಐದು ಬೆರಳು ತೋರಿಸಿದರು. ನನಗೆ ಕಾಲಿಗೆ ಬೀಳುವ ಅನ್ನಿಸಿತು.

ಭಾವ ಇವರಿಗಿಂತಲೂ ಒಂದು ಮೆಟ್ಟಿಲು ಮೇಲೆ. ಅವನ ಬೋನಸ್ಸಿಗೇ ಇನ್ಶೂರೆನ್ಸ್ ಉಂಟು. ಬೋನಸ್ ರಕ್ಷಣೆ ಅಂತ ಬೇರೆ ದುಡ್ಡು ಕಟ್ಟಬೇಕು. ಆಗ ಒಂದು ಕ್ಲೈಮ್ ಮಾಡಿದರೂ ಬೋನಸ್ ಹೋಗುವುದಿಲ್ಲ. ಅಂದರೆ ಕಾರಿಗೆ ಹಾನಿಯಾದರೆ ಇರಲಿ ಅಂತ ಒಂದು ಇನ್ಶೂರೆನ್ಸ್. ಆ ಇನ್ಶೂರೆನ್ಸಿಗೆ ನಮ್ಮಿಂದಲೇ ಹಾನಿಯಾದರೆ ಅಂತ ಇನ್ನೊಂದು. ಹಾಗಾದರೆ ಕಳೆದ ವರ್ಷ ಉಪ್ಪಳದಲ್ಲಿ ಮೀನಿನ ಲಾರಿ ತಾಗಿದಾಗ ಭಾವ ಕ್ಲೈಮ್ ಮಾಡಿದ್ದನಾ? ಇಲ್ಲ. "ಒಂದೇ ಒಂದು ಕ್ಲೈಮಿಗೆ ರಕ್ಷಣೆ ಇರುವುದು ಮಾರಾಯ. ಅದನ್ನು ಸುಮ್ನೆ ಖರ್ಚು ಮಾಡುವುದಾ?"

ಕ್ಲೈಮ್ ಆಸೆ ಬಿಟ್ಟೆ. ಇನ್ನು ನವೀಕರಣದಲ್ಲಿ ನಾಲ್ಕು ಕಾಸು ಉಳಿಸುವ ಅಂತ ಫೋನಿನಲ್ಲಿ ಕಾರಿನ ನಂಬರ್ ಹಾಕಿ ದರ ನೋಡಿದೆ. ಮಾಡಿದ ತಪ್ಪು ಇಷ್ಟೇ. ಹತ್ತು ನಿಮಿಷದಲ್ಲಿ ಮೊದಲ ಕರೆ. ಸಂಜೆಯೊಳಗೆ ಹದಿನಾಲ್ಕು. ಕೆಎಲ್ 14, ಅಂದರೆ ಕೇರಳದ ಕಾಸರಗೋಡಿನ ನಂಬರ್ ಅಂತ ನೋಡಿದ ಕೂಡಲೇ ಅವರು ತೀರ್ಮಾನ ಮಾಡಿರುತ್ತಾರೆ: "ಸಾರ್, ವಂಡಿಯುಡೆ ಇನ್ಶೂರೆನ್ಸ್ ತೀರಾರಾಯಲ್ಲೋ." ಗಾಡಿಯ ಇನ್ಶೂರೆನ್ಸ್ ಮುಗಿಯುತ್ತಾ ಬಂತಲ್ಲ ಅಂತ. ನನಗೆ ಮಲಯಾಳ ಬರುತ್ತದೆ, ತುಳುವೂ ಬರುತ್ತದೆ. 1956ರಲ್ಲಿ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದ ಮೇಲೆ ಇಲ್ಲಿ ಹುಟ್ಟಿದವರಿಗೆ ಬಾರದೆ ನಿರ್ವಾಹ ಇಲ್ಲ. ಆದರೂ ನನ್ನ ದುಡ್ಡು, ನನ್ನ ಕಾರು, ಒಂದು ಸಲ ಕೇಳುವ ಅಂತ "ಕನ್ನಡ ಬರುತ್ತದಾ?" ಅಂದೆ. ಆಚೆಯಿಂದ ಸ್ವಲ್ಪ ಹೊತ್ತು ಸಂಗೀತ ಕೇಳಿಸಿತು. ಆಮೇಲೆ ಒಬ್ಬರು ಹಿಂದಿಯಲ್ಲಿ ಬಂದರು.

ಇದರ ಮಜಾ ಗೊತ್ತಾಗಬೇಕಾದರೆ ಮೋಟಾರು ದರಪಟ್ಟಿಯ ಇನ್ನೊಂದು ನಿಯಮ ಕೇಳಿ. ಹೆಚ್ಚುವರಿಯಾಗಿ 500 ರೂಪಾಯಿಯೊಳಗೆ ಕಟ್ಟಿದರೆ ನನ್ನ ಕಾರಿನ ರಕ್ಷಣೆಯನ್ನು ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ದೀವ್ಸಿಗೂ ವಿಸ್ತರಿಸಬಹುದು. ಮಾಲ್ದೀವ್ಸ್! ಸುತ್ತ ಸಮುದ್ರ. ಪೆರ್ಲದಿಂದ ಹೊರಟ ಕಾರು ಅಲ್ಲಿಗೆ ಹೋಗುವುದು ಹೇಗೆ ಅಂತ ಯಾರೂ ಯೋಚಿಸಬೇಕಾಗಿಲ್ಲ, ರಕ್ಷಣೆ ತಯಾರುಂಟು. ತಲಪಾಡಿ ಗಡಿಯಿಂದ ಈಚೆ ಕನ್ನಡದಲ್ಲಿ ಒಂದು ಫೋನ್ ಕರೆ ಮಾತ್ರ ವಿಸ್ತರಣೆ ಆಗುವುದಿಲ್ಲ.

ಉಳಿತಾಯದ ದಾರಿಗಳು ಬೇಕಾದಷ್ಟು ಉಂಟು ಅಂತ ಹಿಂದಿಯವರು ಹೇಳಿದರು. ಕಳ್ಳರನ್ನು ತಡೆಯುವ ಮಾನ್ಯತೆ ಇರುವ ಉಪಕರಣ ಹಾಕಿಸಿದರೆ ಶೇಕಡ ಎರಡೂವರೆ ರಿಯಾಯಿತಿ, ಗರಿಷ್ಠ 500 ರೂಪಾಯಿ. ಉಪಕರಣದ ಬೆಲೆ ಅವರು ಹೇಳಲಿಲ್ಲ. ವಾಹನ ಮಾಲಕರ ಸಂಘದ ಸದಸ್ಯನಾದರೆ ಶೇಕಡ 5, ಗರಿಷ್ಠ 200. ಸದಸ್ಯತ್ವದ ಫೀಸು ನಾನು ಕೇಳಲಿಲ್ಲ. ಇನ್ನೊಂದು, ಹಾನಿಯಾದಾಗ ಮೊದಲಿನ 15,000 ನಾನೇ ಹಾಕುತ್ತೇನೆ ಅಂತ ಬರೆದುಕೊಟ್ಟರೆ 35 ಶೇಕಡದವರೆಗೆ ಬಿಡುತ್ತಾರೆ, ಆದರೆ 2,500ಕ್ಕಿಂತ ಜಾಸ್ತಿ ಇಲ್ಲ. ಎಲ್ಲವನ್ನೂ ನಾನೇ ಹಾಕುತ್ತೇನೆ ಅಂತ ಬರೆದುಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಕೇಳಿದೆ. ಅವರಿಗೆ ನಗು ಬರಲಿಲ್ಲ. ಅದಕ್ಕೊಂದು ಗುಂಡಿ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ಕೊನೆಗೆ ಬಂದದ್ದು ಬ್ರಹ್ಮಾಸ್ತ್ರ: ಕಾರಿನ ಬೆಲೆ ಇಳಿಸುವುದು. ಪಾಲಿಸಿಯಲ್ಲಿ ಇದಕ್ಕೆ ಐಡಿವಿ ಅನ್ನುತ್ತಾರೆ. ಕಾರು ಪೂರ್ತಿ ಹಾಳಾದರೆ ಅಥವಾ ಕಳವಾದರೆ ಕಂಪೆನಿ ಕೊಡುವ ಮೊತ್ತ. ನಾಲ್ಕು ವರ್ಷ ದಾಟಿದ ಕಾರಿಗೆ ಹೊಸ ಬೆಲೆಯ ಅರ್ಧ, ನಮ್ಮದಕ್ಕೆ 4 ಲಕ್ಷ. ಫೋನಿನ ಪರದೆಯಲ್ಲಿ ಒಂದು ಗೆರೆ, ಅದರ ಮೇಲೆ ಒಂದು ಗುಂಡು. ಬೆರಳಿನಲ್ಲಿ ಎಡಕ್ಕೆ ತಳ್ಳಿದರೆ ಕಾರಿನ ಬೆಲೆ ಇಳಿಯುತ್ತದೆ, ಪ್ರೀಮಿಯಮ್ಮೂ ಇಳಿಯುತ್ತದೆ. 3,40,000ದವರೆಗೆ ತಳ್ಳಿದೆ. 779 ರೂಪಾಯಿ ಉಳಿಯಿತು. ಹಸಿರು ಅಕ್ಷರದಲ್ಲಿ ಅಭಿನಂದನೆ ಬೇರೆ. ಕಾರು ಕಳವಾದರೆ 60,000 ಕಡಿಮೆ ಬರುತ್ತದೆ ಅನ್ನುವುದಕ್ಕೆ ಯಾವ ಬಣ್ಣದ ಅಕ್ಷರವೂ ಇರಲಿಲ್ಲ. ಹೆಣ್ಣು ನೋಡುವಾಗ ಎರಡು ಎಕರೆ ತೋಟವನ್ನು ನಾಲ್ಕು ಅಂತ ಹೇಳುವ ಜನ ನಾವು. ಇನ್ಶೂರೆನ್ಸಿಗೆ ಮಾತ್ರ "ನನ್ನ ಕಾರು ಏನಕ್ಕೂ ಬಾರದ್ದು ಸ್ವಾಮೀ" ಅಂತ ಪೈಪೋಟಿಯಲ್ಲಿ ಹೇಳಿಕೊಳ್ಳುತ್ತೇವೆ.

ಗುಂಡನ್ನು ವಾಪಸ್ ಬಲಕ್ಕೆ ತಳ್ಳಿದೆ. ಹಸಿರು ಅಕ್ಷರ ಬೇಸರದಿಂದ ಮಾಯವಾಯಿತು.

ಅಷ್ಟರಲ್ಲಿ ಭಾವ ಫೋನ್ ಕಸಿದುಕೊಂಡ. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವನು ಅವನು. ಥರ್ಡ್ ಪಾರ್ಟಿಯ 3,416 ರೂಪಾಯಿ ಹಿಡಿದುಕೊಂಡು ಕರೆ ಮಾಡಿದ ಹುಡುಗನ ಜೊತೆ ಇಪ್ಪತ್ತು ನಿಮಿಷ ಸಂಧಾನ ಮಾಡಿದ. ಐದು ಗ್ರಾಮವಾದರೂ ಬಿಡು ಅನ್ನುವ ಧಾಟಿ. 1000ದಿಂದ 1500 ಸಿಸಿ ಕಾರಿಗೆ 2022ರ ಜೂನಿನಲ್ಲಿ ಸರ್ಕಾರವೇ ಮಾಡಿದ ದರ ಅದು, ಯಾವ ಕಂಪೆನಿಯೂ ಒಂದು ರೂಪಾಯಿ ಬಿಡುವ ಹಾಗಿಲ್ಲ, ಬೋನಸ್ಸೂ ಅದಕ್ಕೆ ತಾಗುವುದಿಲ್ಲ. ಹುಡುಗ ಅಷ್ಟನ್ನೇ ಹೇಳುತ್ತಾ ಹೋದ. ಭಾವನಿಗೆ ಸಿಟ್ಟು ಬಂತು. ನನಗೆ ಮಾತ್ರ, ಪ್ರಾಮಾಣಿಕವಾಗಿ ಹೇಳುತ್ತೇನೆ, ಇಡೀ ಬಿಲ್ಲಿನಲ್ಲಿ ಗೊಣಗದೆ ಕೊಡಬೇಕಾದದ್ದು ಅದೊಂದೇ ಅನ್ನಿಸಿತು. ನನ್ನ ಕಾರು ತಾಗಿ ದಾರಿಯಲ್ಲಿ ಹೋಗುವವರ ಕಾಲು ಮುರಿದರೆ ಅವರಿಗೆ ಸಿಗುವ ದುಡ್ಡು ಅದು. ಅದೊಂದನ್ನೂ ಕಟ್ಟದೆ ಓಡಾಡುವ ಸ್ಕೂಟರಿನವರು ನಮ್ಮಲ್ಲಿ ಎಷ್ಟು ಜನ! ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ. ಸಿಕ್ಕಿಬೀಳದಿದ್ದರೆ ಅವರ ಲೆಕ್ಕದಲ್ಲಿ ಅದೂ ಉಳಿತಾಯ.

ನಿಜವಾಗಿ ದುಡ್ಡು ಉಳಿಸಿದ್ದು ಮನೆಯವಳು. ನಾವಿಬ್ಬರು ಗಂಡಸರು ಹೊರಗೆ ಲೋಕೋದ್ಧಾರ ಮಾಡುವಾಗ ಅವಳು ಒಳಗೆ ಕೂತು ಹಳೆಯ ಪಾಲಿಸಿಯ ಪುಟಗಳನ್ನು ಕನ್ನಡಕ ಹಾಕಿ ಓದಿದ್ದಳು. ನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಅದನ್ನು ಓದಿದ ಮೊದಲ ಮನುಷ್ಯಳು. "ಮಾಲಕ-ಚಾಲಕನ ಅಪಘಾತ ವಿಮೆ ಅಂತ 15 ಲಕ್ಷದ್ದು ಕಾರಿಗೂ ಕಟ್ಟಿದ್ದೀರಿ, ಸ್ಕೂಟರಿಗೂ ಕಟ್ಟಿದ್ದೀರಿ. ಒಬ್ಬನಿಗೆ ಒಂದು ಸಾಕು ಅಂತ ಉಂಟು. ನೀವು ಎರಡೆರಡು ಸಲ ಸಾಯುತ್ತೀರಾ?" ಅಂತ ಕೇಳಿದಳು. ಮುನ್ನೂರು ಚಿಲ್ಲರೆ ಅಲ್ಲಿ ಉಳಿಯಿತು. ಭಾವ ಅದನ್ನು ಉಳಿತಾಯ ಅಂತ ಒಪ್ಪಲಿಲ್ಲ. ಅದರಲ್ಲಿ ಚರ್ಚೆಯೇ ಆಗಿರಲಿಲ್ಲವಂತೆ.

ಅವಧಿ ಮುಗಿಯುವ ಎರಡು ದಿನ ಮೊದಲು ನವೀಕರಿಸಿದೆ. 45 ಶೇಕಡ ಬೋನಸ್ ಕೈ ಸೇರಿತು. ಮಾರನೆಯ ದಿನವೂ ಕರೆ ಬಂತು, ವಂಡಿಯುಡೆ ಇನ್ಶೂರೆನ್ಸ್ ತೀರಾರಾಯಲ್ಲೋ ಅಂತಲೇ. ಸೀತಾಂಗೋಳಿಯಲ್ಲಿ ಟಿಂಕರಿಂಗ್ ಮಾಡುವವರು ಬಾನೆಟ್ಟನ್ನು ಒಳಗಿಂದ ಬಡಿದು, ಪೈಂಟ್ ಹಾಕಿ 4,200 ತೆಗೆದುಕೊಂಡರು. ಕೆಲಸ ಒಳ್ಳೆಯದೇ. ಬೆಳಿಗ್ಗೆಯ ಓರೆ ಬಿಸಿಲಿಗೆ ಮಾತ್ರ ಆ ಜಾಗ ಸ್ವಲ್ಪ ಅಲೆ ಅಲೆಯಾಗಿ ಕಾಣುತ್ತದೆ. ಕಾಗೆ ಈಗಲೂ ಬಂದು ಅಲ್ಲೇ ಕೂತು ನೀರು ಹುಡುಕುತ್ತದೆ.

ಇನ್ನೊಂದು ವರ್ಷ ದಾಟಿದರೆ 50. ಅಲ್ಲಿಯವರೆಗೆ ಮರದಡಿ ಕಾರು ನಿಲ್ಲಿಸಲು ಧೈರ್ಯ ಸಾಲದು. ಬೇರೆ ಜಾಗ ಅಂಗಳದಲ್ಲಿಲ್ಲ. ಮರ ಹತ್ತುವವರು ಸಿಗುವುದೇ ಕಷ್ಟ, ಮೂರು ಸಲ ಫೋನ್ ಮಾಡಿ, ಹೋಗಿ ಕರೆದುಕೊಂಡು ಬಂದೆ. ಅಂಗಳದ ಸುತ್ತಲಿನ ಆರು ಮರದ ಒಣಗಿದ ಮಡಲನ್ನೆಲ್ಲ ಕಡಿದು ಹಾಕಬೇಕು ಅಂತ ಹೇಳಿದೆ. ಅವನು ತಲೆಗೆ ಮುಂಡಾಸು ಸುತ್ತಿಕೊಂಡು ಮೇಲೆ ನೋಡಿದ.

"ಕಾಯಿ ಕೊಯ್ಯುವುದು ಬೇಡವಾ ಅಣ್ಣೆರೆ?"

"ಕಾಯಿ ಬಲಿತಿಲ್ಲ. ಮಡಲು ಮಾತ್ರ. ಕಾರಿನ ಮೇಲೆ ಬೀಳುತ್ತದೆ."

"ಅದಕ್ಕೆ ಇಷ್ಟು ಖರ್ಚಾ? ಕಾರಿಗೆ ಇನ್ಶೂರೆನ್ಸ್ ಇಲ್ವಾ?"

"ಉಂಟು ಮಾರಾಯ" ಅಂದೆ. "ಅದಕ್ಕೇ ಕಡಿಸುವುದು."