ಮದುವೆ ಚಪ್ಪರ ಹಾಕುವಷ್ಟು ಜಾಗ

"ಅಷ್ಟೊಂದು ಜಾಗ ಯಾಕೋ ಬಿಡ್ತೀಯ? ಮದುವೆ ಚಪ್ಪರ ಹಾಕ್ಬೇಕಾ?" ಅಂದರು ಭಾವ. ಡಿಸೆಂಬರ್ ರಜೆಗೆ ಊರಿಗೆ ಬಂದಿದ್ದೆ. ಅವರ ಹೊಸ ಕಾರಿನಲ್ಲಿ ಮೈಸೂರಿಗೆ ಹೊರಟಿದ್ದೆವು. ಸ್ಟೇರಿಂಗ್ ನನ್ನ ಕೈಯಲ್ಲಿ, ವೇಗ ಮಾತ್ರ ಕಾರಿನ ಕೈಯಲ್ಲಿ. ಮುಂದಿನ ಗಾಡಿ ಎಷ್ಟು ದೂರವಿದೆ ಎಂದು ರಾಡಾರ್‌ನಲ್ಲಿ ನೋಡಿಕೊಂಡು ಅದೇ ಓಡುತ್ತದೆ, ಅದೇ ಬ್ರೇಕ್ ಹಾಕುತ್ತದೆ. ಗೆರೆ ಹೆಚ್ಚಿದಷ್ಟೂ ಅಂತರ ಹೆಚ್ಚು; ನಾನು ಮೂರು ಗೆರೆಗೆ ಇಟ್ಟಿದ್ದೆ.

ಬಿಡದಿ ದಾಟುವಷ್ಟರಲ್ಲಿ ಆ ಜಾಗಕ್ಕೆ ಒಂದು ಟ್ಯಾಕ್ಸಿ ನುಗ್ಗಿತು. ಕಾರು ಗಕ್ಕನೆ ವೇಗ ಇಳಿಸಿತು. ಮತ್ತೆ ಜಾಗ ಬಿಟ್ಟಿತು, ಮತ್ತೊಬ್ಬ ತೂರಿದ. ಹಿಂದೆ ಕೂತಿದ್ದ ಅಕ್ಕ ಚಕ್ಕುಲಿ ಡಬ್ಬ ಅವಚಿಕೊಂಡಳು. "ಹಿಂಗೆ ಬಿಟ್ಕೊಡ್ತಾ ಹೋದ್ರೆ ಸಂಜೆಗೆ ವಾಪಸ್ ಕೆಂಗೇರಿಗೇ ತಲುಪ್ತೀವಿ" ಎಂದು ಭಾವ ಕೈ ಚಾಚಿ, ಗುಂಡಿ ಒತ್ತಿ, ಒಂದೇ ಗೆರೆಗೆ ಇಳಿಸಿಬಿಟ್ಟರು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಅಲ್ಲಿನ ಲೆಕ್ಕ ಸುಲಭ: ವೇಗದ ಅರ್ಧದಷ್ಟು ಮೀಟರ್ ಬಿಡಬೇಕು. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋದರೆ 50 ಮೀಟರ್. ಆಟೋಬಾನ್, ಅಂದರೆ ಅಲ್ಲಿನ ಹೆದ್ದಾರಿ, ಅದರ ಬದಿಯ ಬಿಳಿ ಗೂಟಗಳ ನಡುವೆಯೂ ಸಾಮಾನ್ಯವಾಗಿ ಅಷ್ಟೇ ದೂರ, ಕಣ್ಣಲ್ಲೇ ಅಳೆದುಕೊಳ್ಳಬಹುದು. ನೂರರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದಿನವನ ಕೆಂಪು ದೀಪ ಕಂಡು ನಮ್ಮ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಇದು ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಖಾಲಿ ಜಾಗ ಕಂಡರೆ ಬಸ್ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ ಮೂತಿ ತೂರಿಸುತ್ತೇವೆ. ಇಂಥಲ್ಲಿ ರಾಡಾರ್ ಪಾಪ ಏನು ಮಾಡೀತು?

ನನಗೂ ಈ ಶಿಸ್ತು ಸುಮ್ನೆ ಬಂದದ್ದಲ್ಲ ಬಿಡಿ. ಅಲ್ಲಿಗೆ ಹೋದ ಮೊದಲ ವರ್ಷ ಸೇತುವೆ ಮೇಲಿನ ಕ್ಯಾಮೆರಾಗೆ ಸಿಕ್ಕಿಬಿದ್ದೆ. 120ರ ವೇಗ. 60 ಮೀಟರ್ ಇರಬೇಕಾದಲ್ಲಿ 28. ದಂಡ 75 ಯೂರೋ, ಫೀಸು ಬೇರೆ, ಲೈಸೆನ್ಸಿನ ಲೆಕ್ಕಕ್ಕೆ ಒಂದು ಪಾಯಿಂಟ್. ಭಾವನಿಗೆ ಇದನ್ನು ಇನ್ನೂ ಹೇಳಿಲ್ಲ.

ವಾಪಸ್ ಬರುವಾಗ ಅವರೇ ಓಡಿಸಿದರು. ಕೆಂಗೇರಿ ಹತ್ತಿರ ಪಕ್ಕದ ಆಟೋದ ಮುಂಚಕ್ರ ಚೂರು ಈಕಡೆ ತಿರುಗಿತು, ಅಷ್ಟೇ. ಅವರ ಕಾಲು ಆಗಲೇ ಬ್ರೇಕ್ ಮೇಲಿತ್ತು. ಕಾರು ಬೀಪ್ ಅಂದದ್ದು ಆಟೋ ಪೂರ್ತಿ ಅಡ್ಡ ಬಂದ ಮೇಲೆ. ಆಮೇಲೆ ಹತ್ತು ನಿಮಿಷ ಅದರ ಬೆನ್ನಿಗೇ ಅಂಟಿಕೊಂಡು ಹೋದೆವು. "ತಾಯಿಯ ಆಶೀರ್ವಾದ" ಅಂತಿತ್ತು, ಪಕ್ಕದಲ್ಲೊಂದು ಗುಲಾಬಿ ಹೂವು. ಆಟೋಬಾನ್‌ನಲ್ಲಿ ಮುಂದಿನ ಗಾಡಿಯ ಮೇಲೆ ಏನಾದರೂ ಓದಿದ ನೆನಪು ನನಗಿಲ್ಲ.